ಫಲದ ಒಡೆತನ: ಬಿಲ್ಲಿ ಐಲಿಶ್ ಅವರ ಮೊದಲ ಆಲ್ಬಮ್ ಮತ್ತು ದೈವ-ಪುರುಷಕಾರ ವಿಚಾರ

ಒಬ್ಬರಿಗೆ ದೊರೆತ ಯಶಸ್ಸು ಅವರಿಗೆ ಸಲ್ಲಬೇಕಾದದ್ದೇ ಆಗಿತ್ತೇ ಎಂಬ ಪ್ರಶ್ನೆ ಮೇಲುನೋಟಕ್ಕೆ ತೀರಾ ಲೌಕಿಕವೆಂದು ತೋರಿದರೂ ಅದರ ಬೇರು ಧರ್ಮಚಿಂತನೆಯೊಳಗೇ ಇದೆ. ಕರ್ಮಸಿದ್ಧಾಂತವನ್ನು ಒಪ್ಪುವವರು ಫಲವನ್ನು ಕಂಡು ಪೂರ್ವಜನ್ಮದ ಪುಣ್ಯವನ್ನು ಊಹಿಸುತ್ತಾರೆ. ಅದನ್ನು ಒಪ್ಪದ ಆಧುನಿಕರು ಅದೇ ಫಲವನ್ನು ಕಂಡು ಪ್ರತಿಭೆಯನ್ನೂ ಪರಿಶ್ರಮವನ್ನೂ ಊಹಿಸುತ್ತಾರೆ. ಮಾತು ಬೇರೆಯಾದರೂ ತರ್ಕದ ನಡೆ ಒಂದೇ, ಏಕೆಂದರೆ ಇಬ್ಬರೂ ಕಾರ್ಯದಿಂದ ಕಾರಣಕ್ಕೆ ಹಿಂದಿರುಗಿ ನಡೆಯುತ್ತಿದ್ದಾರೆ. ನ್ಯಾಯದರ್ಶನದಲ್ಲಿ ಈ ಬಗೆಯ ಅನುಮಾನಕ್ಕೆ ಶೇಷವತ್ ಎಂದು ಹೆಸರು. ನದಿ ತುಂಬಿ ಹರಿಯುವುದನ್ನು ಕಂಡು ಮೇಲೆಲ್ಲೋ ಮಳೆಯಾಗಿದೆ ಎಂದು ತಿಳಿಯುವುದು ಅದಕ್ಕೆ ಕೊಡುವ ಪ್ರಸಿದ್ಧ ಉದಾಹರಣೆ. ಆದರೆ ಅದೇ ನ್ಯಾಯಸೂತ್ರಗಳ ಎರಡನೆಯ ಅಧ್ಯಾಯವು ತನ್ನ ಉದಾಹರಣೆಯ ಮೇಲೆಯೇ ಆಕ್ಷೇಪವೊಂದನ್ನು ಎತ್ತಿಕೊಳ್ಳುತ್ತದೆ: ನೀರಿಗೆ ಎಲ್ಲೋ ಅಡ್ಡಕಟ್ಟೆ ಬಿದ್ದಿದ್ದರೂ ನದಿ ಉಬ್ಬಬಹುದಲ್ಲವೇ? ಉಬ್ಬಿದ್ದನ್ನಷ್ಟೇ ಕಂಡು ಮಳೆಯನ್ನು ಊಹಿಸಬಾರದು, ಪ್ರವಾಹದ ವೇಗ, ನೊರೆ, ತೇಲಿಬರುವ ಎಲೆ ಮತ್ತು ಕಟ್ಟಿಗೆ ಎಂಬ ವಿಶೇಷ ಲಕ್ಷಣಗಳನ್ನು ನೋಡಿ ನಿರ್ಧರಿಸಬೇಕು ಎಂಬುದು ನೈಯಾಯಿಕರ ಸಮಾಧಾನ. ಯಶಸ್ಸು ಎಂಬ ಕಾರ್ಯದಲ್ಲಿ ಅಂಥ ವಿಶೇಷ ಲಕ್ಷಣ ಯಾವುದಾದರೂ ಇದೆಯೇ ಎಂಬುದನ್ನು ಪರೀಕ್ಷಿಸಲು ಜನಪ್ರಿಯ ಸಂಗೀತಕ್ಕಿಂತ ಒಳ್ಳೆಯ ಕ್ಷೇತ್ರ ಸಿಗಲಾರದು. ಅಲ್ಲಿ ಒಂದೇ ಕಾಲದಲ್ಲಿ ಒಂದೇ ಬಗೆಯ ಕೆಲಸ ಮಾಡುವ ಸಾವಿರಾರು ಜನರಲ್ಲಿ ಒಬ್ಬಿಬ್ಬರಿಗೆ ಎಲ್ಲವೂ ಕೈಗೂಡುತ್ತದೆ, ಉಳಿದವರ ಹೆಸರೂ ಯಾರಿಗೂ ತಿಳಿಯುವುದಿಲ್ಲ.

ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ ಅವರ ಮೊದಲ ಆಲ್ಬಮ್ಮಿನ ಚರಿತ್ರೆ ಈ ಪರೀಕ್ಷೆಗೆ ತಕ್ಕದ್ದಾಗಿದೆ. 2001ರ ಡಿಸೆಂಬರ್ 18ರಂದು ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿ, ಆ ನಗರದ ಹೈಲ್ಯಾಂಡ್ ಪಾರ್ಕ್ ಎಂಬ ಬಡಾವಣೆಯಲ್ಲಿ ಬೆಳೆದ ಅವರಿಗೂ ಅವರ ಅಣ್ಣ ಫಿನಿಯಸ್ ಅವರಿಗೂ ಶಾಲೆಯೆಂದರೆ ಮನೆಯೇ ಆಗಿತ್ತು. ತಂದೆ ತಾಯಿ ಇಬ್ಬರೂ ನಟರು, ತಾಯಿಯಂತೂ ಹಾಡು ಕಟ್ಟುವುದನ್ನು ಮಕ್ಕಳಿಗೆ ಹೇಳಿಕೊಡುತ್ತಿದ್ದವರು. ಎಂಟನೆಯ ವಯಸ್ಸಿನಲ್ಲಿ ಬಿಲ್ಲಿ ಮಕ್ಕಳ ವೃಂದಗಾನ ತಂಡವೊಂದನ್ನು ಸೇರಿದರು, ನೃತ್ಯವನ್ನೂ ಕಲಿಯುತ್ತಿದ್ದರು. 2015ರ ನವೆಂಬರ್‌ನಲ್ಲಿ, ಇನ್ನೂ ಹದಿನಾಲ್ಕು ತುಂಬದಿದ್ದಾಗ, ಅಣ್ಣ ತನ್ನ ತಂಡಕ್ಕೆಂದು ಬರೆದಿದ್ದ ‘ಓಷನ್ ಐಸ್’ ಎಂಬ ಹಾಡನ್ನು ಅವರು ಹಾಡಿ ಸೌಂಡ್‌ಕ್ಲೌಡ್ ಎಂಬ ಜಾಲತಾಣಕ್ಕೆ ಏರಿಸಿದ್ದು ನೃತ್ಯದ ಗುರುವೊಬ್ಬರು ಹೆಜ್ಜೆಗಳನ್ನು ಜೋಡಿಸಲು ಹಾಡೊಂದನ್ನು ಕೇಳಿದ್ದರಿಂದ. ಹಾಡು ತಾನಾಗಿ ಹರಡಿತು. ಸೊಂಟದ ಎಲುಬಿನ ಬೆಳೆಯುವ ಭಾಗಕ್ಕೆ ಆದ ಪೆಟ್ಟಿನಿಂದ ನೃತ್ಯ ನಿಂತಿತು, ಹಾಡು ಮುಂದುವರಿಯಿತು. 2016ರಲ್ಲಿ ಡಾರ್ಕ್‌ರೂಮ್ ಮತ್ತು ಇಂಟರ್‌ಸ್ಕೋಪ್ ಸಂಸ್ಥೆಗಳೊಡನೆ ಒಪ್ಪಂದವಾಗಿ, 2017ರಲ್ಲಿ ಕೆಲವೇ ಹಾಡುಗಳ ಕಿರುಸಂಕಲನವೂ, 2019ರ ಮಾರ್ಚ್ 29ರಂದು ‘ವೆನ್ ವಿ ಆಲ್ ಫಾಲ್ ಅಸ್ಲೀಪ್, ವೇರ್ ಡು ವಿ ಗೋ?’ ಎಂಬ ಪೂರ್ಣ ಆಲ್ಬಮ್ಮೂ ಹೊರಬಂದವು. ಇದನ್ನು ಇಂಡೀ ಪಾಪ್, ಅಂದರೆ ದೊಡ್ಡ ಸಂಸ್ಥೆಗಳ ಸ್ಟುಡಿಯೋ ಪದ್ಧತಿಗೆ ಒಳಗಾಗದೆ ಕಲಾವಿದರೇ ಸ್ವತಂತ್ರವಾಗಿ ರೂಪಿಸುವ ಜನಪ್ರಿಯ ಸಂಗೀತ, ಎಂದು ಕರೆಯುವುದು ತಯಾರಿಯ ರೀತಿಯನ್ನು ನೋಡಿದಾಗ ಸರಿ. ಒಡೆತನವನ್ನು ನೋಡಿದರೆ ಇಂಟರ್‌ಸ್ಕೋಪ್ ಯೂನಿವರ್ಸಲ್ ಎಂಬ ಬೃಹತ್ ಸಂಸ್ಥೆಗೆ ಸೇರಿದ್ದು.

ಆಲ್ಬಮ್ಮಿನ ಹೆಸರು ಕೇಳುವ ಪ್ರಶ್ನೆ, ನಾವೆಲ್ಲ ನಿದ್ರೆಗೆ ಜಾರಿದಾಗ ಹೋಗುವುದೆಲ್ಲಿಗೆ ಎಂಬುದು, ಬೃಹದಾರಣ್ಯಕ ಉಪನಿಷತ್ತಿನಲ್ಲಿ ಕಾಶಿಯ ಅಜಾತಶತ್ರು ಮಲಗಿದ್ದವನೊಬ್ಬನನ್ನು ಎಬ್ಬಿಸಿ ಗಾರ್ಗ್ಯನ ಮುಂದಿಟ್ಟ ಪ್ರಶ್ನೆಗೆ ಬಹಳ ಹತ್ತಿರವಿದೆ. ಹೋಲಿಕೆ ಆಕಸ್ಮಿಕ, ಐಲಿಶ್ ಅವರ ಹಾಡುಗಳ ವಸ್ತು ದುಃಸ್ವಪ್ನ ಮತ್ತು ನಿದ್ರೆಯ ಭಯಗಳೇ ಹೊರತು ಆತ್ಮವಿದ್ಯೆಯಲ್ಲ. ಆದರೂ ಹದಿನೇಳರ ಹುಡುಗಿಯೊಬ್ಬಳ ಹಾಡಿನ ಕಟ್ಟಿಗೆ ಅಂಥ ಹೆಸರಿದ್ದದ್ದನ್ನು ವೇದಾಂತದ ಓದುಗರು ಗಮನಿಸದೆ ಇರಲಾರರು.

ಈ ಆಲ್ಬಮ್ಮಿನ ಬಹುಪಾಲು ಕೆಲಸ ನಡೆದದ್ದು ತಂದೆ ತಾಯಿಯ ಮನೆಯಲ್ಲಿ, ಫಿನಿಯಸ್ ಅವರ ಚಿಕ್ಕ ಮಲಗುವ ಕೋಣೆಯಲ್ಲಿ. ಅಣ್ಣ ಕಂಪ್ಯೂಟರಿನ ಮುಂದೆ, ತಂಗಿ ಹಾಸಿಗೆಯ ಮೇಲೆ, ನಡುವೆ ಒಂದು ಮೈಕ್. ಧ್ವನಿನಿರೋಧಕ ಗೋಡೆಗಳಿರುವ ವಿಶಾಲವಾದ ಸ್ಟುಡಿಯೋದಲ್ಲಿ ಎದೆ ತುಂಬಿ ಹಾಡುವ ಗಾಯನಕ್ಕೂ, ಮೈಕಿಗೆ ತುಟಿ ತಾಗುವಷ್ಟು ಹತ್ತಿರದಲ್ಲಿ ಉಸಿರಿನ ಸಪ್ಪಳವೂ ಕೇಳುವಂತೆ ಪಿಸುಗುಟ್ಟುವ ಈ ಗಾಯನಕ್ಕೂ ಇರುವ ಅಂತರದಲ್ಲಿ ಕೋಣೆಯ ಪಾಲೂ ಇದೆ. ‘ಬರಿ ಎ ಫ್ರೆಂಡ್’ ಎಂಬ ಹಾಡಿನಲ್ಲಿ ಗಾಯಕಿಯ ಹಲ್ಲಿಗೆ ಚಿಕಿತ್ಸೆ ನಡೆಯುವಾಗ ಹಿಡಿದಿಟ್ಟ ಡ್ರಿಲ್ ಯಂತ್ರದ ಸದ್ದಿದೆ. ‘ಬ್ಯಾಡ್ ಗೈ’ ಹಾಡಿನ ತಾಳದೊಳಗೆ ಸಿಡ್ನಿಯ ರಸ್ತೆಯೊಂದರಲ್ಲಿ ಪಾದಚಾರಿಗಳಿಗೆ ದಾಟಲು ಸೂಚನೆ ಕೊಡುವ ಸಿಗ್ನಲ್ಲಿನ ಟಕಟಕ ಸೇರಿಕೊಂಡಿದೆ. ದಂತವೈದ್ಯರ ಕುರ್ಚಿಯಲ್ಲಿ ಕೂತಾಗ ಇದು ಹಾಡಿಗೆ ಒದಗೀತು ಎಂದು ಕಿವಿ ನಿಮಿರುವುದು ಪುರುಷಕಾರ, ಅಂದರೆ ಮನುಷ್ಯಪ್ರಯತ್ನ. ಆ ಕಿವಿ ಆ ಮನೆಯಲ್ಲಿ ಹುಟ್ಟಿದ್ದು ಪ್ರಯತ್ನವಲ್ಲ. ಎರಡನ್ನೂ ಒಂದರಿಂದೊಂದು ಬಿಡಿಸಿ ತೂಗುವ ಉಪಾಯ ಯಾರ ಬಳಿಯೂ ಇಲ್ಲ ಎಂಬಲ್ಲಿಂದಲೇ ತೊಡಕು ಶುರುವಾಗುತ್ತದೆ.

ಫಲವೇನೋ ಅಸಾಧಾರಣವಾಗಿತ್ತು. ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇ ಬಂದಿಳಿಯಿತು. ಆಗಸ್ಟ್‌ನಲ್ಲಿ ‘ಬ್ಯಾಡ್ ಗೈ’, 19 ವಾರಗಳಿಂದ ಅಲುಗದೆ ಕುಳಿತಿದ್ದ ‘ಓಲ್ಡ್ ಟೌನ್ ರೋಡ್’ ಹಾಡನ್ನು ಕೆಳಗಿಳಿಸಿ ಹಾಡುಗಳ ಪಟ್ಟಿಯ ತುದಿಗೇರಿತು. 2020ರ ಜನವರಿ 26ರ ಗ್ರ್ಯಾಮಿ ಸಮಾರಂಭದಲ್ಲಿ ವರ್ಷದ ಆಲ್ಬಮ್, ವರ್ಷದ ರೆಕಾರ್ಡ್, ವರ್ಷದ ಹಾಡು, ಅತ್ಯುತ್ತಮ ಹೊಸ ಕಲಾವಿದೆ ಎಂಬ ನಾಲ್ಕು ಪ್ರಧಾನ ಪ್ರಶಸ್ತಿಗಳೂ ಹದಿನೆಂಟರ ಐಲಿಶ್ ಅವರಿಗೆ ಒಂದೇ ರಾತ್ರಿ ಸಂದವು. ಅದಕ್ಕೆ ಮೊದಲು ಹಾಗಾದದ್ದು 1981ರಲ್ಲಿ ಕ್ರಿಸ್ಟೋಫರ್ ಕ್ರಾಸ್ ಅವರಿಗೆ ಮಾತ್ರ. ವರ್ಷದ ಆಲ್ಬಮ್ ಪ್ರಶಸ್ತಿಯನ್ನು ಸ್ವೀಕರಿಸುತ್ತ ಅವರು, ಇದು ಸಲ್ಲಬೇಕಾದದ್ದು ಗಾಯಕಿ ಅರಿಯಾನಾ ಗ್ರಾಂಡೆ ಅವರಿಗೆ ಎಂಬರ್ಥದ ಮಾತನಾಡಿದರು. ಮರುವರ್ಷ ಮತ್ತೊಂದು ಪ್ರಶಸ್ತಿ ಬಂದಾಗ ರ‍್ಯಾಪ್ ಗಾಯಕಿ ಮೇಗನ್ ದೀ ಸ್ಟಾಲಿಯನ್ ಅವರ ಹೆಸರು ಹೇಳಿದರು. ಈ ಮಾತುಗಳನ್ನು ವಿನಯವೆಂದು ಬದಿಗಿಡುವುದು ಸುಲಭ. ಆದರೆ ವಿಚಾರದೃಷ್ಟಿಯಿಂದ ನೋಡಿದರೆ ಅವುಗಳಲ್ಲಿ ಅರ್ಧ ಸತ್ಯವಿದೆ: ಫಲಕ್ಕೂ ಅರ್ಹತೆಗೂ ನಡುವಿನ ಗಂಟು ಸಡಿಲವಾದದ್ದು ಎಂದು ಗೆದ್ದವರೇ ಕಂಡುಕೊಂಡಿದ್ದಾರೆ. ಉಳಿದ ಅರ್ಧ ಅವರಿಗೆ ಕಂಡಿಲ್ಲ. ತನಗಲ್ಲದಿದ್ದರೆ ಇನ್ನೊಬ್ಬರಿಗೆ ಅದು ಸಲ್ಲಲೇಬೇಕಿತ್ತು ಎನ್ನುವಾಗ, ಅಷ್ಟು ದೊಡ್ಡ ಫಲಕ್ಕೆ ಸರಿಹೊಂದುವ ಅರ್ಹತೆ ಯಾರಲ್ಲಾದರೂ ಇದ್ದೇ ಇರುತ್ತದೆ ಎಂಬ ನಂಬಿಕೆ ಹಾಗೆಯೇ ಉಳಿದಿದೆ.

ಭಾರತೀಯ ಗ್ರಂಥಗಳು ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಮಹಾಭಾರತದ ಅನುಶಾಸನಪರ್ವದಲ್ಲಿ ಯುಧಿಷ್ಠಿರನು ದೈವ ಹೆಚ್ಚೋ ಪುರುಷಕಾರ ಹೆಚ್ಚೋ ಎಂದು ಕೇಳಿದಾಗ, ಭೀಷ್ಮನು ಬ್ರಹ್ಮ ಮತ್ತು ವಸಿಷ್ಠರ ಸಂವಾದವನ್ನು ಹೇಳಿ, ದೈವವನ್ನು ಬೀಜಕ್ಕೂ ಪುರುಷಕಾರವನ್ನು ಹೊಲಕ್ಕೂ ಹೋಲಿಸುತ್ತಾನೆ. ಯೋಗವಾಸಿಷ್ಠವು ಒಂದು ಹೆಜ್ಜೆ ಮುಂದೆ ಹೋಗಿ, ದೈವವೆಂಬುದು ಮಂದಬುದ್ಧಿಯವರ ಕಲ್ಪನೆಯೆಂದೂ ಪೌರುಷವೊಂದೇ ನಿಜವೆಂದೂ ಸಾಧಿಸಲು ಹೊರಡುತ್ತದೆ. ಯಾಜ್ಞವಲ್ಕ್ಯಸ್ಮೃತಿಯ ರಾಜಧರ್ಮ ಪ್ರಕರಣವು, ಒಂದೇ ಗಾಲಿಯಿಂದ ರಥ ಸಾಗದಂತೆ ಪುರುಷಕಾರವಿಲ್ಲದೆ ದೈವ ಕೈಗೂಡದು ಎಂದು ಎರಡಕ್ಕೂ ಪಾಲು ಕೊಡುತ್ತದೆ; ಆದರೆ ಅಲ್ಲಿಯೇ ದೈವವೆಂದರೆ ಹಿಂದಿನ ದೇಹದಲ್ಲಿ ಮಾಡಿದ ಪೌರುಷವೇ ಈಗ ಪ್ರಕಟವಾದದ್ದು ಎಂದೂ ವಿವರಿಸುತ್ತದೆ. ಚಾಲುಕ್ಯ ದೊರೆ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವೆಂಬ ಟೀಕೆಯನ್ನು ಬರೆದದ್ದು ಈ ಸ್ಮೃತಿಗೇ. ದೈವದ ಈ ವಿವರಣೆಯ ಪರಿಣಾಮ ಸಣ್ಣದಲ್ಲ. ದೈವವೂ ಹಳೆಯ ಪ್ರಯತ್ನವೇ ಆಗಿದ್ದರೆ, ಫಲದಲ್ಲಿ ಕರ್ತೃವಿಗೆ ಸೇರದ ಭಾಗವೇ ಇರುವುದಿಲ್ಲ. ಚಿಕ್ಕ ವಯಸ್ಸಿನ ಸಾಧಕರನ್ನು ಕಂಡಾಗ ಪಡೆದುಕೊಂಡು ಬಂದಿದ್ದಾರೆ ಎನ್ನುವ ಮನೆಮಾತು ಶಾಸ್ತ್ರದ ಬಲ ಪಡೆಯುತ್ತದೆ, ಸೋತವರನ್ನು ಕಂಡಾಗ ಆಡುವ ಮಾತಿಗೂ ಅದೇ ಬಲ ದೊರೆಯುತ್ತದೆ.

ಪ್ರತಿಭಾವಾದಿಗಳ ನಿಲುವನ್ನು ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರ ‘ಎ ಥಿಯರಿ ಆಫ್ ಜಸ್ಟಿಸ್’ ಗ್ರಂಥದಲ್ಲಿ ಸಾಕಷ್ಟು ಅಲುಗಿಸಿದ್ದಾರೆ: ಹುಟ್ಟಿನಿಂದ ಬಂದ ಸಾಮರ್ಥ್ಯವನ್ನು ಯಾರೂ ಸಂಪಾದಿಸಿಕೊಂಡಿರುವುದಿಲ್ಲ, ಪರಿಶ್ರಮಪಡುವ ಸ್ವಭಾವವೂ ಬಹಳಮಟ್ಟಿಗೆ ಬೆಳೆದ ಮನೆಯಿಂದ ಬಂದದ್ದು, ಆದ್ದರಿಂದ ಅವುಗಳ ಆಧಾರದ ಮೇಲೆ ನೈತಿಕ ಹಕ್ಕನ್ನು ಕಟ್ಟಲಾಗದು. ಹಾಡು ಕಟ್ಟುವ ತಾಯಿ, ಒಂದೇ ಸೂರಿನಡಿ ಸಂಗೀತ ಸಂಯೋಜಿಸುವ ಅಣ್ಣ, ಗಂಟೆ ಹೊಡೆದ ಕೂಡಲೆ ಕೈಬಿಡಬೇಕಿಲ್ಲದ ಮನೆಪಾಠ, ಇವೆಲ್ಲವೂ ಇದ್ದ ಮನೆಯನ್ನು ನೋಡಿದರೆ ಈ ವಾದ ಎಷ್ಟು ನಿಜವೆಂಬುದು ಹೆಚ್ಚು ವಿವರಣೆಯಿಲ್ಲದೆ ತಿಳಿಯುತ್ತದೆ. ಆದರೆ ರಾಲ್ಸ್ ಅವರ ವಾದ ಕೆಲಸ ಮಾಡುವುದು ಕಾರಣದ ಕಡೆಯಿಂದ. ಪ್ರತಿಭೆ ಸಂಪಾದಿಸಿದ್ದಲ್ಲದಿದ್ದರೂ ಫಲಕ್ಕೆ ಕಾರಣ ಅದೇ ಎಂಬುದನ್ನು ಅದು ಅಲ್ಲಗಳೆಯುವುದಿಲ್ಲ. ಫಲದ ಕಡೆಯಿಂದ ಬಂದ ಪರೀಕ್ಷೆ ಇನ್ನಷ್ಟು ಕಠಿಣವಾಗಿದೆ.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಮ್ಯಾಥ್ಯೂ ಸ್ಯಾಲ್ಗನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಅವರು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವೇ ಅದು. ಯಾರಿಗೂ ಪರಿಚಯವಿಲ್ಲದ ತಂಡಗಳ 48 ಹಾಡುಗಳನ್ನು ಅವರು 14,341 ಜನರ ಮುಂದಿಟ್ಟರು. ಒಂದು ಗುಂಪಿನವರು ಹಾಡುಗಳನ್ನು ಕೇಳಿ ತಮಗೆ ಹಿಡಿಸಿದ್ದನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದಿತ್ತು, ಉಳಿದವರ ಆಯ್ಕೆ ಅವರಿಗೆ ಕಾಣುತ್ತಿರಲಿಲ್ಲ. ಮಿಕ್ಕವರನ್ನು ಎಂಟು ಪ್ರತ್ಯೇಕ ಲೋಕಗಳಾಗಿ ವಿಂಗಡಿಸಿ, ಆಯಾ ಲೋಕದಲ್ಲಿ ಪ್ರತಿ ಹಾಡನ್ನು ಅದುವರೆಗೆ ಎಷ್ಟು ಜನ ತೆಗೆದುಕೊಂಡಿದ್ದಾರೆ ಎಂಬ ಲೆಕ್ಕವನ್ನು ತೋರಿಸಲಾಯಿತು. ಎಂಟೂ ಲೋಕಗಳು ಸೊನ್ನೆಯಿಂದ ಹೊರಟವು, ಹಾಡುಗಳು ಅವೇ, ಕೇಳುವವರೂ ಒಂದೇ ಬಗೆಯವರು. ಆದರೂ ಒಂದೊಂದು ಲೋಕದಲ್ಲಿ ಒಂದೊಂದು ಹಾಡು ಮೇಲೇರಿತು. ಪರರ ಆಯ್ಕೆ ಕಾಣದ ಗುಂಪಿನ ಅಳತೆಯಲ್ಲಿ 26ನೆಯ ಸ್ಥಾನದಲ್ಲಿದ್ದ ಹಾಡೊಂದು ಒಂದು ಲೋಕದಲ್ಲಿ ಮೊದಲನೆಯದಾಗಿ, ಇನ್ನೊಂದರಲ್ಲಿ 40ನೆಯದಾಗಿ ಬಂತು. ತೀರಾ ಒಳ್ಳೆಯ ಹಾಡು ತೀರಾ ಕೆಳಗೆ ಬೀಳುವುದು ಅಪರೂಪ, ತೀರಾ ಕೆಟ್ಟದ್ದು ಮೇಲೇರುವುದೂ ಅಪರೂಪ, ಆದರೆ ಇವೆರಡರ ನಡುವಿನ ವಿಶಾಲವಾದ ಬಯಲಿನಲ್ಲಿ ಏನು ಬೇಕಾದರೂ ಆಗಬಹುದಿತ್ತು. ಆರಂಭದಲ್ಲಿ ನಾಲ್ಕು ಜನ ಹಿಡಿದ ಹಾಡನ್ನು ಮುಂದಿನ ನಲವತ್ತು ಜನ ಹಿಡಿಯುತ್ತಾರೆ, ಲೆಕ್ಕ ತಾನೇ ಲೆಕ್ಕವನ್ನು ಬೆಳೆಸುತ್ತದೆ. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ ಇದು ಮೇಲಿನ ಮಳೆಯಲ್ಲ, ಅಡ್ಡಕಟ್ಟೆ. ಮತ್ತು ಉಬ್ಬಿದ ನೀರಿನಲ್ಲಿ ಎರಡನ್ನೂ ಬೇರ್ಪಡಿಸುವ ನೊರೆಯಾಗಲಿ ಎಲೆಯಾಗಲಿ ಕಾಣಸಿಗದು. ಐಲಿಶ್ ಅವರ ಹಾಡು ಮಧ್ಯಮ ದರ್ಜೆಯದೆಂದು ಇದರಿಂದ ಹೇಳಿದಂತಾಗುವುದಿಲ್ಲ. ಅದು ಅತ್ಯುತ್ತಮವಾದದ್ದೇ ಇರಬಹುದು. ಅದನ್ನು ತೀರ್ಮಾನಿಸಬೇಕಾದದ್ದು ಹಾಡನ್ನು ಕೇಳಿಯೇ ಹೊರತು ಪಟ್ಟಿಯಲ್ಲಿ ಅದಕ್ಕೆ ದೊರೆತ ಸ್ಥಾನವನ್ನು ನೋಡಿ ಅಲ್ಲ ಎಂಬುದಷ್ಟೇ ಇಲ್ಲಿ ಸಿದ್ಧವಾಗುವುದು.

ಪುಣ್ಯವಾದಿಗಳ ನಿಲುವಿಗೆ ಎದುರಾಗಿ ಇಡಬಹುದಾದ ದೃಷ್ಟಾಂತ ಡೆಟ್ರಾಯ್ಟ್ ನಗರದ ಗಾಯಕ ಸಿಕ್ಸ್ಟೋ ರೊಡ್ರಿಗೆಸ್ ಅವರದು. 1970ರಲ್ಲಿ ಬಂದ ಅವರ ಮೊದಲ ಆಲ್ಬಮ್ ‘ಕೋಲ್ಡ್ ಫ್ಯಾಕ್ಟ್’ ಅಮೆರಿಕದಲ್ಲಿ ಮಾರಾಟವೇ ಆಗಲಿಲ್ಲ. ಮರುವರ್ಷದ ಎರಡನೆಯದೂ ಹಾಗೆಯೇ ಮುಳುಗಿದ ಮೇಲೆ ಸಂಸ್ಥೆ ಅವರನ್ನು ಕೈಬಿಟ್ಟಿತು. ಅವರು ಹಳೆಯ ಕಟ್ಟಡಗಳನ್ನು ಕೆಡಹುವ, ಮನೆಗಳನ್ನು ದುರಸ್ತಿ ಮಾಡುವ ಕೂಲಿ ಕೆಲಸದಲ್ಲಿ ದಶಕಗಳನ್ನು ಕಳೆದರು. ಅದೇ ಹೊತ್ತಿಗೆ ಅದೇ ಆಲ್ಬಮ್ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿಯನ್ನು ಒಪ್ಪದ ಬಿಳಿಯ ತರುಣರ ಮನೆಮನೆಯಲ್ಲೂ ಕೇಳಿಸುತ್ತಿತ್ತು. ಗಾಯಕ ವೇದಿಕೆಯ ಮೇಲೆಯೇ ಪ್ರಾಣ ಬಿಟ್ಟನೆಂಬ ಕಥೆಯೂ ಅಲ್ಲಿ ಹಬ್ಬಿತ್ತು. ಆ ದೇಶದಲ್ಲಿ ತಾನು ಮನೆಮಾತಾಗಿರುವ ಸಂಗತಿಯೇ ರೊಡ್ರಿಗೆಸ್ ಅವರಿಗೆ ತಿಳಿದಿರಲಿಲ್ಲ. ಅಭಿಮಾನಿಗಳು ಹುಡುಕಿಕೊಂಡು ಬಂದ ಮೇಲೆ 1998ರಲ್ಲಿ ಅವರು ಅಲ್ಲಿ ಹಾಡಿದರು. ಈ ಕಥೆಯನ್ನು ಹೇಳಿದ ‘ಸರ್ಚಿಂಗ್ ಫಾರ್ ಶುಗರ್ ಮ್ಯಾನ್’ ಎಂಬ 2012ರ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂದಾಗ ಅವರಿಗೆ ಎಪ್ಪತ್ತು ವರ್ಷ. ಒಬ್ಬನೇ ಕರ್ತೃ, ಒಂದೇ ಕರ್ಮ, ಒಂದೇ ಕಾಲ. ಒಂದು ಖಂಡದಲ್ಲಿ ಪೂರ್ಣ ಸೋಲು, ಇನ್ನೊಂದರಲ್ಲಿ ಪೂರ್ಣ ಗೆಲುವು. ಪೂರ್ವಪುಣ್ಯವು ಸಮುದ್ರದ ಆಚೆಗೆ ಮಾತ್ರ ಫಲಿಸಿ, ಪುಣ್ಯ ಮಾಡಿದವನಿಗೇ ಸುದ್ದಿ ಮುಟ್ಟದೆ ಉಳಿಯಿತು ಎಂದು ವಿವರಿಸಹೊರಡುವ ಸಿದ್ಧಾಂತವು ಏನನ್ನು ಬೇಕಾದರೂ ವಿವರಿಸೀತು; ಏನನ್ನು ಬೇಕಾದರೂ ವಿವರಿಸುವ ಸಿದ್ಧಾಂತದಿಂದ ಯಾವುದೊಂದೂ ವಿವರಣೆ ಪಡೆಯುವುದಿಲ್ಲ.

ಹಾಗಾದರೆ ದೈವವೆಂಬ ಪದವನ್ನೇ ಬಿಡಬೇಕೇ? ಬಿಡಬೇಕಿಲ್ಲ, ಅದಕ್ಕೆ ಇನ್ನೂ ಎಚ್ಚರದ ಅರ್ಥಗಳು ಪರಂಪರೆಯಲ್ಲಿಯೇ ಇವೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಯಾವುದೇ ಕರ್ಮ ಸಿದ್ಧಿಸಲು ಅಧಿಷ್ಠಾನ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ದೈವ ಎಂಬ ಐದು ಕಾರಣಗಳು ಕೂಡಬೇಕೆಂದು ಹೇಳಿ, ಇಷ್ಟಿದ್ದೂ ತಾನೊಬ್ಬನೇ ಕರ್ತೃವೆಂದು ತಿಳಿಯುವವನ ಬುದ್ಧಿ ಪಳಗಿದ್ದಲ್ಲ ಎನ್ನುತ್ತದೆ. ಅಧಿಷ್ಠಾನವೆಂದರೆ ಶರೀರ, ಕರಣವೆಂದರೆ ಇಂದ್ರಿಯಗಳು ಎಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಹೆಚ್ಚಿನ ವಿವಾದವಿಲ್ಲ. ದೈವವೆಂದಾಗ ಮಾತ್ರ ಶಂಕರರು ಕಣ್ಣು ಮುಂತಾದ ಇಂದ್ರಿಯಗಳನ್ನು ಅನುಗ್ರಹಿಸುವ ಆದಿತ್ಯಾದಿ ದೇವತೆಗಳನ್ನು ಹೇಳಿದರೆ, ರಾಮಾನುಜರು ಅಂತರ್ಯಾಮಿಯಾದ ಪರಮಾತ್ಮನನ್ನು ಹೇಳುತ್ತಾರೆ. ಇಬ್ಬರಲ್ಲೂ ದೈವವು ಕರ್ತೃವಿನ ಹಳೆಯ ಖಾತೆಯ ಬಾಕಿಯಲ್ಲ, ಅವನಿಗಿಂತ ಬೇರೆಯಾಗಿದ್ದು ಅವನೊಡನೆ ಸೇರುವ ಅಂಶ ಎಂಬುದನ್ನು ಗಮನಿಸಬೇಕು. ಬೌದ್ಧರ ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕನೆಂಬ ಪರಿವ್ರಾಜಕನು, ಮನುಷ್ಯನ ಸುಖದುಃಖಗಳೆಲ್ಲ ಹಿಂದೆ ಮಾಡಿದ್ದರಿಂದಲೇ ಬರುತ್ತವೆಯೇ ಎಂದು ಕೇಳಿದಾಗ, ಬುದ್ಧನು ಹಾಗೆನ್ನುವುದು ಅತಿರೇಕವೆಂದು ತಳ್ಳಿಹಾಕಿ ಪಿತ್ತ, ಕಫ, ವಾತ, ಋತುಬದಲಾವಣೆ ಮುಂತಾದ ಕಾರಣಗಳನ್ನು ಎಣಿಸಿ ಕರ್ಮವಿಪಾಕವನ್ನು ಅವುಗಳಲ್ಲಿ ಒಂದಾಗಿ ಮಾತ್ರ ಇಡುತ್ತಾನೆ. ಜೈನ ದಾರ್ಶನಿಕ ಸಿದ್ಧಸೇನ ದಿವಾಕರನ ಸನ್ಮತಿತರ್ಕವು ಕಾಲ, ಸ್ವಭಾವ, ನಿಯತಿ, ಪೂರ್ವಕೃತ, ಪುರುಷಪ್ರಯತ್ನ ಎಂಬ ಐದರಲ್ಲಿ ಯಾವುದೊಂದನ್ನೇ ಕಾರಣವೆಂದರೂ ಮಿಥ್ಯೆ, ಐದನ್ನೂ ಕೂಡಿಸಿದರೆ ಸಮ್ಯಕ್ ಎನ್ನುತ್ತದೆ.

ಈ ವಿಚಾರಕ್ಕೆ ಸನ್ಮತಿತರ್ಕದ ಚೌಕಟ್ಟೇ ಹೆಚ್ಚು ಹೊಂದುತ್ತದೆ, ಏಕೆಂದರೆ ಅದು ಕಾಲವನ್ನು ಮೊದಲಿಗೇ ಹೆಸರಿಸುತ್ತದೆ. ಮಲಗುವ ಕೋಣೆಯಲ್ಲಿ ಆಲ್ಬಮ್ ತಯಾರಾಗಬೇಕಾದರೆ ಸ್ಟುಡಿಯೋದ ಕೆಲಸವನ್ನು ಮಾಡಬಲ್ಲ ಕಂಪ್ಯೂಟರ್ ಮನೆಯೊಳಗೆ ಬಂದಿರಬೇಕು. ಪಿಸುಮಾತಿನ ಗಾಯನ ಕೇಳುಗರನ್ನು ಮುಟ್ಟಬೇಕಾದರೆ ಅವರ ಕಿವಿಯಲ್ಲಿ ಇಯರ್‌ಫೋನ್ ಇರಬೇಕು. ಹದಿಮೂರರ ಹುಡುಗಿಯ ಹಾಡು ಯಾವ ಸಂಸ್ಥೆಯ ಬಾಗಿಲನ್ನೂ ತಟ್ಟದೆ ಜನರಿಗೆ ಸಿಗಬೇಕಾದರೆ ಉಚಿತವಾಗಿ ಹಾಡು ಏರಿಸುವ ತಾಣವಿರಬೇಕು. 1970ರ ರೊಡ್ರಿಗೆಸ್ ಅವರಿಗೆ ಈ ಮೂರೂ ಇರಲಿಲ್ಲ.

ಇಂಗ್ಲೆಂಡಿನ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ಮಂಡಿಸಿದ, ಫಲವನ್ನು ನೋಡಿಯೇ ಆಯ್ಕೆಯನ್ನು ಅಳೆಯುವ ‘ನೈತಿಕ ಅದೃಷ್ಟ’ದ ವಾದವನ್ನೂ ಇಲ್ಲಿ ನೆನೆಯಬೇಕಾಗುತ್ತದೆ. ಸಂಸಾರವನ್ನು ಬಿಟ್ಟು ತಾಹಿತಿಗೆ ಹೋದ ಚಿತ್ರಕಾರ ಗೋಗ್ಯಾನ ಕಥೆಯನ್ನು ಆಧರಿಸಿ, ಅಂಥವನ ಆಯ್ಕೆಗೆ ಸಮರ್ಥನೆ ದೊರೆಯುವುದಾದರೆ ಅವನು ದೊಡ್ಡ ಚಿತ್ರಕಾರನಾದ ಮೇಲೆಯೇ, ಮೊದಲಲ್ಲ ಎಂದು ಅವರು ವಾದಿಸಿದರು. ವಾದ ಚತುರವಾದದ್ದು, ಆದರೆ ದೊಡ್ಡ ಚಿತ್ರಕಾರನಾದನೆಂಬುದನ್ನು ನಿರ್ಧರಿಸುವವರು ಯಾರು ಎಂಬಲ್ಲಿ ಅದು ಮೌನವಾಗುತ್ತದೆ. ಲೋಕದ ಮನ್ನಣೆಯೇ ಪ್ರಮಾಣವಾದರೆ ಎಂಟು ಲೋಕಗಳ ಪ್ರಯೋಗ ಅದರ ಕಾಲ ಕೆಳಗಿನ ನೆಲವನ್ನೂ ಅಲುಗಿಸುತ್ತದೆ.

ಅರ್ಹತೆಯ ಮಾತನ್ನು ಇಷ್ಟು ಸಡಿಲಿಸಿದರೆ ಪ್ರಯತ್ನಕ್ಕೆ ಆಧಾರವೇನು ಉಳಿಯಿತು ಎಂಬ ಆಕ್ಷೇಪಕ್ಕೆ ಉತ್ತರ ಕಷ್ಟವಲ್ಲ. ಕರ್ಮದ ವಿಚಾರವನ್ನು ಮುಂದಕ್ಕೆ ನೋಡುವಾಗ ಬಳಸುವುದು ಒಂದು, ಹಿಂದಕ್ಕೆ ನೋಡುವಾಗ ಬಳಸುವುದು ಇನ್ನೊಂದು. ಮಾಡಿದ್ದು ವ್ಯರ್ಥವಾಗದು ಎಂಬ ನಂಬಿಕೆ ಕೆಲಸಕ್ಕೆ ಕೂರುವವರಿಗೆ ಧೈರ್ಯ ಕೊಡುತ್ತದೆ. ಬಂದದ್ದೆಲ್ಲ ಮಾಡಿದ್ದರ ಫಲ ಎಂಬ ತೀರ್ಪು ಗೆದ್ದವರಿಗೆ ಗರ್ವವನ್ನೂ ಸೋತವರಿಗೆ ಅವಮಾನವನ್ನೂ ಹಂಚುತ್ತದೆ. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಬಿಡುವುದರಲ್ಲಿ ತರ್ಕದೋಷವಿಲ್ಲ, ಏಕೆಂದರೆ ಮಳೆಯಾದರೆ ನದಿ ತುಂಬುತ್ತದೆ ಎಂಬುದರಿಂದ ನದಿ ತುಂಬಿದಾಗಲೆಲ್ಲ ಮಳೆಯಾಗಿದೆ ಎಂದಾಗುವುದಿಲ್ಲ.

ಫಲ ಪೂರ್ತಿಯಾಗಿ ತನ್ನದಲ್ಲವೆಂದು ಒಪ್ಪಿದವರು ಅದನ್ನು ಏನು ಮಾಡಬೇಕು ಎಂಬುದೇ ನಿಜವಾಗಿ ಉಳಿಯುವ ಧಾರ್ಮಿಕ ಪ್ರಶ್ನೆ. ವಿಜ್ಞಾನೇಶ್ವರನಿದ್ದ ಕಲ್ಯಾಣದಲ್ಲಿಯೇ 12ನೆಯ ಶತಮಾನದ ಶರಣರು ಇದಕ್ಕೆ ಕಾಯಕದ ಜೊತೆಗೆ ದಾಸೋಹವನ್ನು ಇಟ್ಟರು. ಕಾಯಕವೆಂದರೆ ಪ್ರತಿಯೊಬ್ಬರೂ ನಿಷ್ಠೆಯಿಂದ ಮಾಡಬೇಕಾದ ದುಡಿಮೆ, ದಾಸೋಹವೆಂದರೆ ಅದರಿಂದ ಬಂದದ್ದನ್ನು ಸಮುದಾಯಕ್ಕೆ ಒಪ್ಪಿಸುವುದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಮಡದಿ ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಅವನನ್ನು ತಿರುಗಿ ಕಳಿಸಿದಳು ಎಂಬ ಕಥೆ ಪ್ರಸಿದ್ಧವಾಗಿದೆ. ಮಾರಯ್ಯ ಆ ದಿನ ಹೆಚ್ಚು ದುಡಿದಿದ್ದನೇ, ಅಥವಾ ಆ ದಿನ ಹೆಚ್ಚು ಅಕ್ಕಿ ಚೆಲ್ಲಿತ್ತೇ ಎಂದು ಲಕ್ಕಮ್ಮ ವಿಚಾರಿಸಲು ಹೋಗಲಿಲ್ಲ. ಅರ್ಹತೆಯ ಲೆಕ್ಕವನ್ನೇ ಅವಳು ಪಕ್ಕಕ್ಕಿಟ್ಟು ಅಗತ್ಯದ ಲೆಕ್ಕವನ್ನು ಹಿಡಿದಳು.

ಇಂದಿನ ಸಂಗೀತ ಉದ್ಯಮ ಹಿಡಿದಿರುವುದು ಇದಕ್ಕೆ ತೀರ ವಿರುದ್ಧವಾದ ಲೆಕ್ಕ. ಒಂದು ಪ್ರತಿಯಿಂದ ಕೋಟಿ ಪ್ರತಿಗಳನ್ನು ಖರ್ಚಿಲ್ಲದೆ ತೆಗೆಯಬಹುದಾದಲ್ಲಿ, ಪ್ರತಿಭೆಯ ಸಣ್ಣ ವ್ಯತ್ಯಾಸವೂ ಆದಾಯದ ಭಾರೀ ವ್ಯತ್ಯಾಸವಾಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸನ್ 1981ರಲ್ಲಿಯೇ ತೋರಿಸಿದ್ದರು. ಅದಕ್ಕೆ ಈಗ ನಿಯಮದ ಬೆಂಬಲವೂ ಸೇರಿದೆ: 2024ರಿಂದ ಸ್ಪಾಟಿಫೈ ತಾಣದಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಬಾರಿಯಾದರೂ ಕೇಳಲ್ಪಡದ ಹಾಡಿಗೆ ಧ್ವನಿಮುದ್ರಣದ ಗೌರವಧನ ಸಲ್ಲುವುದಿಲ್ಲ, ಆ ಹಾಡುಗಳ ಪಾಲಿನ ಹಣ ಉಳಿದ ಹಾಡುಗಳ ಪಾಲಿಗೆ ಸೇರುತ್ತದೆ.